ಬಸ್ಸಿನಲ್ಲಿ ತೊಡೆಗೆ ಬಂದ ಕೂಸು

ನವಲಗುಂದದ ಬಸ್ಸಿನಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಕೇಳದೆಯೇ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ನಮ್ಮ ಕಡೆ ಸೀಟು ಸಿಕ್ಕವರು ಕೂಸು ಹಿಡಿಯಲೇಬೇಕು. ಅದರ ಕತ್ತಿನ ತುಂಬ ನೀರುಗುಳ್ಳೆ, ಉಡಿದಾರದಲ್ಲಿ ಬೇವಿನೆಲೆ.

"ಅಮ್ಮ ಬಂದಾಳ್ರಿ," ಅಂದಳು. "ಹಿಡ್ಕೋರಿ, ನಿಮಗೂ ಛಲೋ ಆಕ್ಕೈತಿ."

ಬಸಿರಾಗುವ ಮೊದಲೇ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಕೋ ಎಂದು ಡಾಕ್ಟರು ಹೇಳಿದ್ದನ್ನು ನಾನು ಮುಂದೂಡುತ್ತಲೇ ಬಂದಿದ್ದೆ. ಈಗ ಮುಟ್ಟು ತಪ್ಪಿ ಆರು ದಿನ. ಆದರೂ ಅಮ್ಮನನ್ನು ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

ಇಳಿದವಳೇ ಅವ್ವನಿಗೆ ಫೋನ್ ಹಚ್ಚಿದೆ. "ಒಮ್ಮೆ ಬಂದವರಿಗೆ ಮತ್ತ ಬರೂದಿಲ್ಲಂತ. ಸಣ್ಣಾಕಿ ಇದ್ದಾಗ ನನಗ ಅಮ್ಮ ಬಂದಿದ್ಲೇನಬೇ?"

"ಏ ಹುಚ್ಚಿ, ನಿನಗ ಒಂದ ಗುಳ್ಳಿನೂ ಎದ್ದಿಲ್ಲ. ಅಷ್ಟು ಜೋಪಾನ ಮಾಡೇನಿ!"

ಅವ್ವನ ಜೋಪಾನಕ್ಕೆ ನಾನು ಹೆದರಿದ್ದು ಅದೇ ಮೊದಲು.