ಹಾಲ್‌ನಲ್ಲಿದ್ದ ಜನರಲ್‌ನ ಫೋಟೊ

ಅಮೆರಿಕದ ಡೌನರ್ಸ್ ಗ್ರೋವ್ ಊರಿನ ಒಂದು ಮನೆಗೆ ಹೀಟರ್ ರಿಪೇರಿಗೆ ಹೋಗಿದ್ದೆ. ಆಫ್ರಿಕಾದಿಂದ ಬಂದು ನೆಲೆಸಿದ ವಯಸ್ಸಾದ ಆಂಟಿ ಬಾಗಿಲು ತೆರೆದರು. ಹಾಲ್‌ನಲ್ಲಿ ಮಿಲಿಟರಿ ಯೂನಿಫಾರ್ಮ್ ತೊಟ್ಟವರೊಬ್ಬರ ದೊಡ್ಡ ಫೋಟೊ ಇತ್ತು.

“ನಿಮ್ಮ ಯಜಮಾನರಾ?” ಅಂತ ಕೇಳಿದೆ.

“ಅಲ್ಲಪ್ಪ. ಸೈನ್ಯ ಕಟ್ಟಿಕೊಂಡು ನಮ್ಮ ದೇಶ ಹಿಡಿದು, ಆಮೇಲೆ ಅಧ್ಯಕ್ಷನಾದ ಜನರಲ್. ನನ್ನ ಗಂಡ ಅವನ ಜೈಲಲ್ಲೇ ಸತ್ತರು.”

“ಮತ್ತೆ ಫೋಟೊ ಯಾಕೆ ಹಾಕಿದ್ದೀರಿ?”

“ಮೊಮ್ಮಗಳು ಹಾಕಿದ್ದು. ಇಲ್ಲೇ ಹುಟ್ಟಿದವಳು, ಕಾಲೇಜಲ್ಲಿ ಓದ್ತಿದ್ದಾಳೆ. ಅವನ ಕಾಲದಲ್ಲಿ ದೇಶ ಶಿಸ್ತಾಗಿತ್ತಂತೆ.”

“ತಾತನ ವಿಷಯ ನೀವು ಹೇಳಲಿಲ್ವಾ?”

“ಹೇಳಿದೆ. ‘ಅಜ್ಜಿ, ನೀವು ಒಂದೇ ಕಡೆಯ ಕಥೆ ಹೇಳ್ತೀರಿ’ ಅಂದಳು.”

ಇನ್ನೊಂದು ಕಡೆಯ ಕಥೆ ಬೇಕಿದ್ದರೆ ಆ ಜೈಲಿನ ಕಾವಲುಗಾರರನ್ನೇ ಹುಡುಕಿಕೊಂಡು ಹೋಗಬೇಕೇನೋ!