ಮದರಾಸಿನ ಪುಸ್ತಕದಲ್ಲಿ ನನ್ನ ಕೈಬರಹ

ನಾನು ಡಿಗ್ರಿ ಪಾಸು ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವರು ನನ್ನ ಸೋದರಮಾವ ನಂಜಪ್ಪನವರು. ಬೆನ್ನ ಹಿಂದೆ ಆಡಿದ ಮಾತಲ್ಲ. ತಮ್ಮ ಆಲೆಮನೆಯಲ್ಲಿ, ಬೆಲ್ಲದ ಕೊಪ್ಪರಿಗೆ ಕುದಿಯುತ್ತಿರುವಾಗ, ಹತ್ತು ಜನರೆದುರು ನನ್ನ ಮುಖ ನೋಡಿಕೊಂಡೇ ಹೇಳಿದರು. “ನಮ್ ವಂಸದಲ್ಲಿ ಡಿಗ್ರಿ ಅನ್ನೋದು ಕೊಪ್ಪರಿಗೆ ತಳದಲ್ಲಿ ತಾವರೆ ಬೆಳ್ದಂಗೆ ಕಣ್ಲಾ. ಎಲ್ಡು ಸಲ ನೋಡಿದ್ದಾಯ್ತು. ಇದೊಂದು ಸಲ ನೋಡ್ಬುಡು. ಆಗ್ನಿಲ್ಲ ಅಂದ್ರೆ ಬಂದು ಒಲೆ ಮುಂದೆ ಕೂತ್ಕೊ.” ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ಸಾಕಿ, ನನ್ನನ್ನು ಮೈಸೂರಿನವರೆಗೂ ಕಳಿಸಿ ಓದಿಸಿದವರು ಅವರೇ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಒಂದೆರಡು ವರ್ಷವಾಗಿತ್ತು. ಕಬ್ಬಿನ ಜೊತೆ ಆಳುಗಳೂ ಅತ್ತ ಹೋಗುತ್ತಿದ್ದರು. ಆಲೆಮನೆಗೆ ಒಬ್ಬ ಆಳು ಹೆಚ್ಚಾದರೂ ಅನುಕೂಲವಾಗುವ ಕಾಲ ಅದು.

ಮುಂದಿನದನ್ನು ಹೇಳುವ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕಣಿ, ಶಕುನ, ದೆವ್ವ ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಮಳವಳ್ಳಿ ಕಡೆಯಿಂದ ಕಣಿ ಹೇಳುವ ಹೆಂಗಸು ಬಂದರೆ ಅವ್ವ ಮೊರದಲ್ಲಿ ರಾಗಿ ತಂದು ಮುಂದೆ ಕೂರುತ್ತಿದ್ದಳು, ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಬ್ಲಫ್‌ನ ವಿದ್ಯುದಾಗಾರದಲ್ಲಿ ಕಾವೇರಿಯ ನೀರು ಬಿದ್ದು ಕರೆಂಟಾಗುವುದನ್ನು ಹೈಸ್ಕೂಲಿನಲ್ಲಿದ್ದಾಗಲೇ ಕಣ್ಣಾರೆ ಕಂಡು ಬಂದಿದ್ದೆ. ಅದನ್ನು ಕಂಡ ಮೇಲೆ ವಿಜ್ಞಾನವೇ ಓದುತ್ತೇನೆಂದು ಹಟ ಹಿಡಿದೆ. ಜಗತ್ತಿನಲ್ಲಿ ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಊರಿನ ಹಿರಿಯರ ಮುಂದೆ ವಾದ ಮಾಡಿದವನು ನಾನು. ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಆದರೆ ಈ ಒಂದು ವಿಷಯಕ್ಕೆ ಬಂದಾಗ ನನ್ನ ದನಿ ಇಳಿಯುತ್ತದೆ.

ಎರಡು ಸಲವೂ ನಾನು ನಪಾಸಾದದ್ದು ಫಿಸಿಕ್ಸಿನ ಒಂದೇ ಪತ್ರಿಕೆಯಲ್ಲಿ. ಶಾಖದ ಪಾಠಗಳಂತೂ ನನ್ನ ತಲೆಗೆ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಬರೆದುಕೊಂಡ ಟಿಪ್ಪಣಿ ಬಾಯಿಪಾಠವಾಗಿತ್ತು, ಅರ್ಥವಾಗಿರಲಿಲ್ಲ. ನಮ್ಮ ಪ್ರೊಫೆಸರು ಒಂದು ದಪ್ಪ ಇಂಗ್ಲಿಷ್ ಪುಸ್ತಕದ ಹೆಸರು ಹೇಳಿ, ಅದೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಸಾಕು ಎಂದಿದ್ದರು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಹುಡುಕಿಸಿದೆ. ಸಿಗಲಿಲ್ಲ. ಪರೀಕ್ಷೆಗೆ ಮೂರು ತಿಂಗಳಿತ್ತು.

ನಮ್ಮ ಊರಿಗೆ ಹತ್ತಿರದ ಮದ್ದೂರಿನ ಪೇಟೆಯಲ್ಲಿ ಗಫಾರ್ ಸಾಬರು ಎಂದು ಗಡಿಯಾರ ರಿಪೇರಿ ಮಾಡುವವರಿದ್ದರು. ಸ್ಪ್ರಿಂಗು, ಮುಳ್ಳು, ಗಾಜು ತರಲು ತಿಂಗಳಿಗೊಮ್ಮೆ ಮದರಾಸಿಗೆ ಹೋಗುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ ರೈಲು ಹತ್ತಿದರೆ ಶನಿವಾರವೆಲ್ಲ ಅಲ್ಲಿ ವ್ಯಾಪಾರ, ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆ. ಮದರಾಸಿನ ದೊಡ್ಡ ಮಾರ್ಕೆಟ್ಟಿನಲ್ಲಿ ಹಳೇ ಪುಸ್ತಕದ ಅಂಗಡಿಗಳ ಸಾಲೇ ಇದೆ, ಬಾ ಎಂದು ಅವರೇ ಕರೆದರು. ಮಾವನಿಗೆ ಹೇಳಿದರೆ, “ಪುಸ್ತಕಕ್ಕೋಸ್ಕರ ಕುಂಪಣಿ ಸೀಮೆಗೆ ಓಯ್ತೀಯಾ? ಇಲ್ಲಿರೋವ್ನೆಲ್ಲ ಓದಿ ಮುಗಿಸ್ಬುಟ್ಯಾ?” ಎಂದರು. ಆದರೆ ತಡೆಯಲಿಲ್ಲ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮದು ಮಹಾರಾಜರ ಸೀಮೆ. ಕೋಲಾರದ ಆಚೆ ಹೋದರೆ ಬೇರೆ ಸರಕಾರ, ಬೇರೆ ಭಾಷೆ, ಪೊಲೀಸರ ತಲೆಯ ರುಮಾಲೂ ಬೇರೆ. ಮದರಾಸು ನಮಗೆ ಪಕ್ಕದ ದೇಶದ ರಾಜಧಾನಿಯಿದ್ದಂತೆ. ನಮ್ಮ ಊರಿನಿಂದ ಅಲ್ಲಿಗೆ ಹೋದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇದನ್ನು ನಾನು ಆಮೇಲೆ ಹತ್ತಾರು ಕಡೆ ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ.

ನನ್ನ ಕೈಯ ವಿಷಯವನ್ನೂ ಇಲ್ಲೇ ಹೇಳಬೇಕು. ನಾನು ಎಂಟು ವರ್ಷದವನಿದ್ದಾಗ ಕೊಪ್ಪರಿಗೆಯ ಪಾಕ ಸಿಡಿದು ಬಲಗೈಯ ಹೆಬ್ಬೆರಳು ಸುಟ್ಟಿತ್ತು. ಗಾಯ ಮಾಯಿತು, ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಲೇಖನಿಯನ್ನು ನಾನು ಓರೆಯಾಗಿ ಹಿಡಿಯಬೇಕು. ಅದರಿಂದ ನನ್ನ ಅಕ್ಷರಗಳು ಎಡಕ್ಕೆ ವಾಲುತ್ತವೆ, ಸಾಲು ಮುಗಿಯುವಾಗ ಮೇಲಕ್ಕೆ ಏರುತ್ತದೆ. “ಗಾಳಿಗೆ ಬಿದ್ದ ಕಬ್ಬಿನ ಗದ್ದೆ ಕಣಯ್ಯ ನಿನ್ನ ಬರಹ” ಎಂದು ನಮ್ಮ ಮೇಷ್ಟರು ನಗುತ್ತಿದ್ದರು.

ಶನಿವಾರ ಬೆಳಿಗ್ಗೆ ಮದರಾಸಿನಲ್ಲಿಳಿದೆವು. ಸಾಬರು ತಮ್ಮ ಸಾಮಾನು ಕೊಳ್ಳುವವರೆಗೆ ಅವರ ಹಿಂದೆಯೇ ತಿರುಗಿದೆ. ಅವ್ವನಿಗೆ ಒಂದು ಹಿತ್ತಾಳೆ ಕುಂಕುಮದ ಭರಣಿ ಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ಸಾಲಿಗೆ ಬಂದೆವು. ನೆಲದಿಂದ ಎದೆಯವರೆಗೆ ಒಟ್ಟಿದ ಪುಸ್ತಕಗಳು. ಪುಸ್ತಕವನ್ನು ಸೌದೆಯ ಹಾಗೆ ಒಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾಲ್ಕನೆಯ ಅಂಗಡಿಯಲ್ಲಿ ನನಗೆ ಬೇಕಾದ ಪುಸ್ತಕ ಸಿಕ್ಕಿತು. ಬೆನ್ನು ಹರಿದಿತ್ತು, ಮೊದಲ ಹಾಳೆ ಇರಲಿಲ್ಲ. ರಟ್ಟಿನ ಒಳಗಡೆ ಯಾವುದೋ ಪುಸ್ತಕ ಭಂಡಾರದ ಗುಂಡು ಮುದ್ರೆ. ಅದರಲ್ಲಿದ್ದ ಇಸವಿಯಲ್ಲಿ ನಾನಿನ್ನೂ ಅಂಬೆಗಾಲಿಡುತ್ತಿದ್ದೆ. ನಿಂತುಕೊಂಡೇ ಶಾಖದ ಭಾಗ ತೆರೆದೆ.

ಅಂಚಿನ ತುಂಬ ಕನ್ನಡದಲ್ಲಿ ಬರೆದಿತ್ತು.

ಮದರಾಸಿನಲ್ಲಿ ಕನ್ನಡ ಕಂಡ ಸಂತೋಷದಲ್ಲಿ ಓದತೊಡಗಿದೆ. ದ್ರಾವಣವು ಬರಿ ನೀರಿಗಿಂತ ಹೆಚ್ಚು ಶಾಖದಲ್ಲಿ ಏಕೆ ಕುದಿಯುತ್ತದೆ ಎಂಬ ಪಾಠ ಅದು. ನಾನು ಎರಡು ಸಲವೂ ಮುಗ್ಗರಿಸಿದ ಜಾಗ. ಅಂಚಿನಲ್ಲಿ ಹೀಗಿತ್ತು: “ಪಾಕ ಏರುತ್ತಾ ಹೋದಂತೆ ಕೊಪ್ಪರಿಗೆಯಲ್ಲಿ ನೀರು ಕಡಿಮೆ, ಬೆಲ್ಲ ಹೆಚ್ಚು. ನೀರು ಹಾರಿಹೋಗಲು ಬೆಲ್ಲ ಬಿಡುವುದಿಲ್ಲ. ಬಿಡಿಸಿಕೊಳ್ಳಲು ಇನ್ನಷ್ಟು ಕಾವು ಬೇಕು. ಬಿಸಿನೀರು ಸಿಡಿದರೆ ಬೊಬ್ಬೆ, ಪಾಕ ಸಿಡಿದರೆ ಜನ್ಮದ ಗುರುತು. ಹೆಬ್ಬೆರಳು ನೋಡಿಕೊ.”

ನಾನು ಹೆಬ್ಬೆರಳು ನೋಡಿಕೊಂಡೆ. ನನ್ನ ಬೆರಳು ಆ ಸಾಲಿನ ಪಕ್ಕದಲ್ಲೇ ಇತ್ತು. ಆಗಲೇ ನನಗೆ ಅಕ್ಷರ ಕಂಡದ್ದು. ಅಲ್ಲಿಯವರೆಗೆ ಅರ್ಥ ಕಂಡಿತ್ತು, ಅಕ್ಷರ ಕಂಡಿರಲಿಲ್ಲ. ಎಡಕ್ಕೆ ವಾಲಿತ್ತು. ಸಾಲಿನ ಕೊನೆ ಮೇಲಕ್ಕೇರಿತ್ತು.

ಸುತ್ತ ಹಾಡೇ ಹಗಲು. ಹಕ್ಕಿ ಮಾರುವವರ ಕೂಗು, ಜನ, ಬಿಸಿಲು. ಹೆದರಿಕೆಯಾಯಿತೆಂದು ಹೇಳಲಾರೆ. ದೊಡ್ಡ ಗುಡಿಯ ಗರ್ಭಗುಡಿಯೆದುರು ಏಕಾಏಕಿ ಬಂದು ನಿಂತವನಿಗೆ ಕೈ ತಾನಾಗಿ ಮುಗಿಯುತ್ತದಲ್ಲ, ಹಾಗಾಯಿತು. ಪುಸ್ತಕ ಹಿಡಿದಿದ್ದರಿಂದ ಮುಗಿಯಲಿಲ್ಲ ಅಷ್ಟೆ.

“ಏನ್ ತಮ್ಮಾ, ಮುಖ ಬಿಳಿಚ್ಕೊಂಡದೆ?” ಎಂದರು ಸಾಬರು.

“ಇದು ನನ್ನ ಅಕ್ಷರ ಸಾಬರೇ.”

“ನಿನ್ ಪುಸ್ತಕ ಇಲ್ಲಿಗೆಂಗ್ ಬತ್ತದೆ?”

“ಪುಸ್ತಕ ನಂದಲ್ಲ. ಅಕ್ಷರ ನಂದು.”

ಸಾಬರು ಮಾತಿಗೆ ಮರುಳಾಗುವವರಲ್ಲ. ನಿಂತ ಗಡಿಯಾರ ತಂದವನು ಏನೇ ಹೇಳಿದರೂ ಮುಚ್ಚಳ ಬಿಚ್ಚಿ ನೋಡಿದ ಮೇಲೇ ನಂಬುವ ಮನುಷ್ಯ. ಅಂಗಡಿಯವನಿಂದ ಪೆನ್ಸಿಲ್ಲು, ಕಟ್ಟುವ ಕಾಗದ ಇಸಕೊಂಡು, “ಅದೇ ಮಾತು ಇಲ್ಲಿ ಬರಿ” ಎಂದರು. ಬರೆದೆ. ಜೇಬಿನಿಂದ ಗಡಿಯಾರ ನೋಡುವ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಇದನ್ನೂ ಅದನ್ನೂ ಎಷ್ಟೋ ಹೊತ್ತು ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು, ಅರ್ಥಕ್ಕೆ ಮೋಸಹೋಗುವಂತಿರಲಿಲ್ಲ. ಕೊನೆಗೆ ಕನ್ನಡಿ ತೆಗೆದು, “ಎರಡಕ್ಕೂ ಕೀ ಕೊಟ್ಟಿರೋ ಕೈ ಒಂದೇ ತಮ್ಮಾ” ಎಂದರು.

ಅಂಗಡಿಯವನೂ ಬಗ್ಗಿ ನೋಡಿದ. ತಮಿಳಿನಲ್ಲಿ ಏನೋ ಹೇಳಿ ನಕ್ಕ. ಏನೆಂದು ಕೇಳಿದರೆ ಸಾಬರು ಹೇಳಿದರು: “ಮಾರಿದ್ ಪುಸ್ತಕ ತಿರ್ಗಾ ಕೊಳ್ಳಾಕೆ ಬರೋರು ಭಾಳ ಜನ ಅಂತೆ. ನೀನೂ ಅಂಗೇ ಬಂದಿದೀಯ ಅಂತಾನೆ.” ಮಾರಿದವನ ಮುಖ ನೆನಪಿದೆಯೇ ಎಂದು ಸಾಬರಿಂದ ಕೇಳಿಸಿದೆ. ಅವನು ನನ್ನನ್ನು ಕೈ ಮಾಡಿ ತೋರಿಸಿದ. ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ಕೇಳುವ ಧೈರ್ಯವಾಗದೆ, ಹೇಳಿದ ಬೆಲೆ ಕೊಟ್ಟು ಪುಸ್ತಕ ಕೊಂಡೆ.

ಭಾನುವಾರ ಬೆಳಿಗ್ಗೆ ಬೆಂಗಳೂರು ಬಿಟ್ಟ ಮೇಲೆ ಕಿಟಕಿಯ ಬೆಳಕಿನಲ್ಲಿ ಪುಸ್ತಕ ತೆರೆದೆ. ಶಾಖ ಮುಗಿದು ಶಬ್ದದ ಪಾಠ. ಅಲ್ಲಿಯೂ ಬರೆದಿತ್ತು: “ಮದ್ದೂರು ಕೆರೆಯ ಆಚೆ ದಡದಲ್ಲಿ ಅಗಸ ಬಟ್ಟೆ ಎತ್ತಿ ಬಡಿಯುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ನಡುವಿನ ಹೊತ್ತನ್ನು ಎಣಿಸು.” ನಾನು ಅದನ್ನು ಜೋರಾಗಿ ಓದಿದೆ. ಎದುರು ಕೂತಿದ್ದ ಸಾಬರು ತಮ್ಮ ಚೀಲ ಎದೆಗಪ್ಪಿಕೊಂಡು, “ಯಾ ಅಲ್ಲಾ” ಎಂದರು.

ಮೂರು ತಿಂಗಳು ಆ ಪುಸ್ತಕ ಬಿಟ್ಟು ಬೇರೆ ಮುಟ್ಟಲಿಲ್ಲ. ಎಲ್ಲಿ ತೊಡರುತ್ತೇನೋ ಅಲ್ಲೇ ಅಂಚಿನಲ್ಲಿ ಬರಹ. ತೊಡರದ ಕಡೆ ಅಂಚು ಖಾಲಿ. ಬರೆದವನು ನನ್ನ ದಡ್ಡತನವನ್ನು ಇಂಚಿಂಚಾಗಿ ಬಲ್ಲವನು. ಒಮ್ಮೆಯೂ ಗದರಿಸಿಲ್ಲ, ಒಮ್ಮೆಯೂ ಹೊಗಳಿಲ್ಲ. ಪುಸ್ತಕದ ಅರ್ಧ ದಾಟಿದ ಮೇಲೆ ಎಲ್ಲಿಯೋ ಬರಹ ನಿಂತುಹೋಯಿತು. ವಿದ್ಯುತ್ತಿನ ಪಾಠಗಳಿಗೆ ಏನೂ ಇರಲಿಲ್ಲ. ಎರಡು ದಿನ ಕೈಕಾಲಾಡದೆ ಕೂತೆ. ಆಮೇಲೆ ಮಸಿ ಕಲಸಿಕೊಂಡು, ಅವನ ಹಾಗೆಯೇ, ನಾನು ಕಂಡ ಗದ್ದೆ, ತೂಬು, ನಾಲೆಗಳನ್ನೇ ಹಿಡಿದು ಅಂಚಿನಲ್ಲಿ ಬರೆಯುತ್ತಾ ಓದಿದೆ. ಕರೆಂಟನ್ನು ನಾಲೆಯ ನೀರೆಂದುಕೊಂಡರೆ ಅರ್ಧ ಪಾಠ ತಾನಾಗಿ ಬಿಡಿಸಿಕೊಂಡಿತು.

ಪ್ರಶ್ನೆಪತ್ರಿಕೆಯಲ್ಲಿ ಪಾಕದ ಪ್ರಶ್ನೆ ಬರಲೇ ಇಲ್ಲ. ಅವನು ಖಾಲಿ ಬಿಟ್ಟಿದ್ದ ವಿದ್ಯುತ್ತಿನ ಪಾಠಗಳಿಂದಲೇ ಹೆಚ್ಚು ಬಂದಿತ್ತು. ಆದರೂ ನಾನು ಪಾಸಾದೆ.

ಕಾರಣ ಹುಡುಕದೆ ಬಿಟ್ಟೆನೆಂದು ತಿಳಿಯಬೇಡಿ. ನಮ್ಮ ಕಡೆಯ ಬೇರೊಬ್ಬ, ನನ್ನಂತೆಯೇ ಆಲೆಮನೆಯಲ್ಲಿ ಬೆರಳು ಸುಟ್ಟುಕೊಂಡು, ನನ್ನಂತೆಯೇ ಓರೆಯಾಗಿ ಲೇಖನಿ ಹಿಡಿದು, ಹಿಂದೆ ಮದರಾಸಿನಲ್ಲಿ ಓದಿದ್ದಿರಬಹುದು ಎಂದುಕೊಂಡೆ. ಮದ್ದೂರಿನಲ್ಲಿ ಕೇಳಿದೆ. ಮಂಡ್ಯದ ಹಳೆಯ ಮೇಷ್ಟರುಗಳನ್ನು, ಬಸರಾಳಿನವರೆಗೂ ಹೋಗಿ ಹಳಬರನ್ನು ಕೇಳಿದೆ. ಅಂಥವನೊಬ್ಬನನ್ನು ಯಾರೂ ಬಲ್ಲವರಿಲ್ಲ. ಇದ್ದರೂ ಇರಬಹುದು, ನನಗೆ ಸಿಗಲಿಲ್ಲ. ಎಲ್ಲವನ್ನೂ ನಾನೇ ಬರೆದು ಮರೆತಿದ್ದೇನೆ ಎನ್ನುವವರೂ ಇದ್ದಾರೆ. ಅವರಿಗೆ ಸಾಬರ ಭೂತಗನ್ನಡಿಯೇ ಉತ್ತರ: ನಾನು ಪುಸ್ತಕ ಕೊಳ್ಳುವ ಮೊದಲೇ, ಅಂಗಡಿಯಲ್ಲೇ, ಅವರು ಆ ಬರಹ ನೋಡಿದ್ದರು. ಪುಸ್ತಕ ಈಗಲೂ ನನ್ನಲ್ಲಿದೆ. ಆದರೆ ಅದನ್ನು ತೋರಿಸಿ ಪ್ರಯೋಜನವಿಲ್ಲ. ಆಗ ಅವನ ಮಸಿ ಕಂದಿತ್ತು, ನನ್ನದು ಕಪ್ಪಗಿತ್ತು. ಈಗ ನನ್ನದೂ ಕಂದಿದೆ. ಅವನು ಎಲ್ಲಿ ನಿಲ್ಲಿಸಿದ, ನಾನು ಎಲ್ಲಿ ಶುರುಮಾಡಿದೆ ಎಂದು ಇವತ್ತು ನನಗೇ ಗುರುತಿಸಲು ಬರುವುದಿಲ್ಲ.

ಮೈಸೂರಿನಲ್ಲಿ ಬಾಡಿಗೆ ಗೌನು ಹಾಕಿಕೊಂಡು ಸರ್ಟಿಫಿಕೇಟು ತೆಗೆದುಕೊಂಡ ಮಾರನೆಯ ದಿನ ಊರಿಗೆ ಬಂದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ. ಹೆಮ್ಮೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ, ಮದ್ದೂರು ಸ್ಟೇಷನ್ನಿನಿಂದ ಊರಿನವರೆಗೆ ಅದನ್ನು ಎಲ್ಲರಿಗೂ ಕಾಣುವಂತೆಯೇ ಹಿಡಿದು ನಡೆದೆ. ಆದರೆ ಆಲೆಮನೆ ಹತ್ತಿರವಾದಂತೆ ಒಳಗೊಂದು ಮುಳ್ಳು ಚುಚ್ಚುತ್ತಿತ್ತು. ಈ ಡಿಗ್ರಿ ನನ್ನದೋ? ಯೋಚಿಸುವ ದಾರಿಯನ್ನೇ ನನಗೆ ಕೊಟ್ಟವನು ಬೇರೆಯವನಲ್ಲವೇ? ಮಾವ ಹೇಳಿದ್ದು ಹಾಗಾದರೆ ಸುಳ್ಳಾಯಿತೇ, ನಿಜವಾಗಿಯೇ ಉಳಿಯಿತೇ?

ಮಾವ ಕೊಪ್ಪರಿಗೆಯ ಬಳಿ ನಿಂತಿದ್ದರು. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟು ಕಾಲಿಗೆ ಬಿದ್ದೆ. ಎದ್ದವನು, ಅದುವರೆಗೆ ಅವರಿಗೆ ಹೇಳದೆ ಇಟ್ಟಿದ್ದ ಮದರಾಸಿನ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. “ಇದ್ರಲ್ಲಿ ಅರ್ಧ ನಂದಲ್ಲ ಮಾವ” ಎಂದೆ.

ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದವನು ಕೈ ನಿಲ್ಲಿಸಿ ಮಾವನನ್ನೇ ನೋಡುತ್ತಿದ್ದ. ಮಾವ ಒಮ್ಮೆ ಕೊಪ್ಪರಿಗೆಯ ಕಡೆ ನೋಡಿ, ಕಾವು ಇಳಿಸು ಎಂದು ಅವನಿಗೆ ಸನ್ನೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಂಗೆ ಪಾಕ ನೋಡೋದ ಯಾರ್ ಏಳ್ಕೊಟ್ರು ಅಂತ ನಂಗೇ ಗೊತ್ತಿಲ್ಲ ಕಣ್ಲಾ. ನಮ್ಮಪ್ಪ ಒಂದಿನಾನೂ ಬಾಯ್ಬುಟ್ಟು ಏಳ್ನಿಲ್ಲ. ಒಂದಿನ ನಿಂತ್ಕಂಡಿದ್ದೆ, ತಿಳೀತು. ಇನ್ನೂವೇ ಯಾರೋ ಕಿವೀಲಿ ಏಳ್ದಂಗಾಯ್ತದೆ. ಆ ದನಿ ಯಾರ್ದು ಅಂತ ನಾನ್ ಕೇಳಿಲ್ಲ.” ಅಷ್ಟು ಹೇಳಿ ಸರ್ಟಿಫಿಕೇಟನ್ನು ಅಂಚಿನಲ್ಲಿ ಎರಡೇ ಬೆರಳಿನಿಂದ ಹಿಡಿದು ನನಗೆ ಚಾಚಿದರು.

“ತಕೊ, ನೀನೇ ಇಡ್ಕೊ. ನನ್ ಕೈಯೆಲ್ಲಾ ಬೆಲ್ಲ.”