ಹೊಳೆ ದಂಡೆಗೆ ಬಂದ ಟಿವಿ

ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು, ಒಳಗೆಲ್ಲೋ ನೆನೆದು ಒಣಗಿದ ಹುಲ್ಲು. ಅವ್ವನ ವರ್ಷದ ತಿಥಿ ಮುಗಿದ ಮೇಲೆ ತಮ್ಮ ನಮ್ಮನ್ನೆಲ್ಲ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಒಂದು ಕಾರವಾನ್ ಬಾಡಿಗೆಗೆ ತಂದಿದ್ದ. ಒಳಗೇ ಮಂಚ, ಒಲೆ, ನಲ್ಲಿ, ಗೋಡೆಗೆ ತಗುಲಿಸಿದ ಟಿವಿ, ಎಲ್ಲ ಇರುವ ಉದ್ದನೆಯ ವ್ಯಾನು ಅದು. ಹೆಚ್.ಡಿ. ಕೋಟೆ ದಾಟಿ, ಕಾಕನಕೋಟೆ ಕಾಡಿನ ಅಂಚಿನಲ್ಲಿ, ಹಿನ್ನೀರು ಕಾಣುವ ಬಯಲಿನಲ್ಲಿ ನಿಲ್ಲಿಸಿಕೊಂಡಿದ್ದೆವು. ನೆರಳಿಗೆಂದು ಡ್ರೈವರ್ ವ್ಯಾನಿನ ಮಗ್ಗುಲಿಗೆ ಟಾರ್ಪಾಲು ಎಳೆದು ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ಅದು ಕಾದು ಆ ವಾಸನೆ ಬಂತು. ಅದೇ ಹೊತ್ತಿಗೆ ಮಕ್ಕಳು ಟಿವಿ ಹಾಕಿ ಎಂದು ಹಟ ಹಿಡಿದರು. ತಮ್ಮನ ಹೆಂಡತಿಗೆ ಸಿಟ್ಟು ಬಂತು. ‘ಇಷ್ಟು ದೂರ ಬಂದು ಟಿವಿ ನೋಡ್ತೀರಾ? ಅದಕ್ಕೆ ಮನೇಲೇ ಇರಬಹುದಿತ್ತಲ್ಲ’ ಎಂದಳು. ನಾನು ‘ಹಾಕ್ಲಿ ಬಿಡು’ ಎಂದೆ. ‘ಅಕ್ಕಾ, ನೀವೇ ಹಿಂಗಂದ್ರೆ?’ ಎಂದು ಅವಳು ನನ್ನ ಮುಖ ನೋಡಿದಳು. ಕಾಡು ನೋಡುವುದಕ್ಕೂ ಟಿವಿ ನೋಡುವುದಕ್ಕೂ ಜಗಳವಿದೆ ಎಂದು ಬಹಳ ಜನ ನಂಬುತ್ತಾರೆ. ನಾನು ನಂಬುವುದಿಲ್ಲ. ಏಕೆಂದರೆ ಅವಳು ಆಡಿದ ಮಾತನ್ನೇ ನಮ್ಮ ಅಪ್ಪನೂ ಒಮ್ಮೆ ಆಡಿದ್ದ, ಅವ್ವ ಅದಕ್ಕೆ ಉತ್ತರ ಕೊಟ್ಟಿದ್ದಳು.

ಕಟ್ಟೆಮಳಲವಾಡಿಯಲ್ಲಿ ನಮ್ಮದು ಹೆಂಚಿನ ಮನೆ. ಮುಂದೆ ಪಡಸಾಲೆ, ಹಿಂದೆ ನಡುಮನೆ, ಬಲಕ್ಕೆ ತಿರುಗಿದರೆ ಅಡುಗೆಮನೆ. ಹಿತ್ತಲಿನಾಚೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಅದರ ಒಲೆಗೆ ಬೆಂಕಿ ಹಾಕಿದರೆ ಆಮೇಲೆ ತಿಂಗಳುಗಟ್ಟಲೆ ಆರುತ್ತಿರಲಿಲ್ಲ. ಬೆಲ್ಲ ಕಾಯಿಸಿದಂಥ ಒಂದು ಘಾಟು ವಾಸನೆ ನಮ್ಮ ಹಾಸಿಗೆ, ಪುಸ್ತಕ, ತಲೆಗೂದಲಿಗೆಲ್ಲ ಹತ್ತಿರುತ್ತಿತ್ತು. ಪಡಸಾಲೆಯ ಗೂಡಿನಲ್ಲಿ ಒಂದು ಚಿಕ್ಕ ಕಪ್ಪುಬಿಳುಪು ಟಿವಿ ಇತ್ತು. ಅದರ ಮೇಲೆ ಹೊದಿಸಿದ ಬಟ್ಟೆಗೆ ಗಿಳಿ, ಬಳ್ಳಿ ಎಲ್ಲ ಕಸೂತಿ ಹಾಕಿದವಳು ಅವ್ವ. ಆದರೆ ಆ ಬಟ್ಟೆ ಸರಿಸಿದ ಮೇಲೆ ಒಳಗೆ ಏನು ಕಾಣುತ್ತದೆ ಎಂಬುದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪನ ಅಪ್ಪ, ನಮ್ಮ ತಾತ, ಟಿವಿ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದ. ಮಾವ ಕೂತಿರುವ ಪಡಸಾಲೆಗೆ ಸೊಸೆ ಬಂದು ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ. ಕೂರಬೇಡ ಎಂದು ಯಾರೂ ಹೇಳಿದ್ದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಾಗಾಗಿ ಅವ್ವ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಾ ಟಿವಿ ಕೇಳುತ್ತಿದ್ದಳು.

ಆ ವರ್ಷ ವಾರಕ್ಕೊಂದು ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ಪದ್ಮ ಎಂಬ ಸೊಸೆ, ಅವಳ ಮಾವ ಒಬ್ಬ ಲಾಯರು, ದೊಡ್ಡ ಮನೆ, ದೊಡ್ಡ ದೊಡ್ಡ ಮಾತು. ಆ ಅರ್ಧ ಗಂಟೆ ನನಗೆ ಪಡಸಾಲೆಗೂ ಅಡುಗೆಮನೆಗೂ ಓಡಾಡುವ ಕೆಲಸ. ‘ಈಗ ಬಿಕ್ಕಿದ್ದು ಯಾರು ಮಗಾ?’ ‘ಪದ್ಮ ಉಟ್ಟಿರೋ ಸೀರೆ ಯಾವ ಬಣ್ಣ?’ ಎಂದು ಅವ್ವ ಕೇಳುವಳು. ಕಪ್ಪುಬಿಳುಪು ಟಿವಿಯಲ್ಲಿ ಸೀರೆಗೆಲ್ಲಿಯ ಬಣ್ಣ? ನಾನು ಒಂದು ವಾರ ನೇರಳೆ, ಒಂದು ವಾರ ಗಿಣಿಹಸಿರು ಉಡಿಸುತ್ತಿದ್ದೆ. ಅವ್ವ ತಲೆದೂಗುತ್ತಿದ್ದಳು. ಉಳಿದದ್ದನ್ನು ಅವಳು ಕಿವಿಯಿಂದಲೇ ತಿಳಿಯುತ್ತಿದ್ದಳು. ಯಾರ ಹೆಜ್ಜೆ, ಯಾವ ಬಾಗಿಲು, ಬಳೆ ಮೇಲಕ್ಕೆ ಸರಿಸಿಕೊಂಡ ಸದ್ದು ಯಾರದು ಎಂಬುದೆಲ್ಲ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಬ್ಯಾರನ್ನಿನಿಂದ ಕೊನೆಯ ಸೊಪ್ಪು ಇಳಿಸಿ ಬೆಂಕಿ ಆರಿಸಿದ ಮೇಲೆ ನಾವು ಮನೆಯವರೆಲ್ಲ ಪ್ರತಿ ವರ್ಷ ಸಾಲಿಗ್ರಾಮದ ಹತ್ತಿರ ಕಾವೇರಿ ದಂಡೆಗೆ ಹೋಗಿ ಎರಡು ಮೂರು ದಿನ ಇದ್ದು ಬರುತ್ತಿದ್ದೆವು. ಇದಕ್ಕೆ ನಾವು ‘ಕೈ ತೊಳೆಯೋಕೆ ಹೋಗೋದು’ ಅನ್ನುತ್ತಿದ್ದೆವು. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಕಟ್ಟಿ ಹೆಂಗಸರ ಕೈಗೆ ಅಂಟು ಹಿಡಿದು ಕಪ್ಪಾಗಿರುತ್ತಿತ್ತು. ಅದು ಸೋಪಿಗೆ ಬಗ್ಗುವ ಕಪ್ಪಲ್ಲ. ಹೊಳೆಯ ಮರಳಿನಲ್ಲಿ ದಿನಗಟ್ಟಲೆ ಉಜ್ಜಿದ ಮೇಲೆ ಅವ್ವನ ಅಂಗೈ ಗೆರೆಗಳು ಒಂದೊಂದಾಗಿ ಬೆಳ್ಳಗೆ ಕಾಣಲು ಶುರುವಾಗುತ್ತಿದ್ದವು. ಟ್ರ್ಯಾಕ್ಟರಿನ ಟ್ರೇಲರಿಗೆ ಅಪ್ಪ ಬಿದಿರಿನ ಕಮಾನು ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿ, ಕೆಳಗೆ ಮೊಣಕಾಲುದ್ದ ಹುಲ್ಲು ತುಂಬಿ ಜಮಖಾನ ಹಾಸುತ್ತಿದ್ದ. ಆ ಹುಲ್ಲಿನ ಮೇಲೆ ಪಾತ್ರೆ, ರಾಗಿಹಿಟ್ಟಿನ ಡಬ್ಬ, ತಾತ, ನಾನು, ತಮ್ಮ. ಇಂದಿನ ಕಾರವಾನಿಗೆ ಚಕ್ರದ ಮೇಲಿನ ಮನೆ ಎನ್ನುತ್ತಾರೆ. ನಮ್ಮದು ಅದಕ್ಕೆ ಅಣ್ಣ.

ಆ ವರ್ಷ ಸಾಮಾನು ಏರಿಸುವಾಗ ಅವ್ವ ಟಿವಿಯನ್ನೂ ಹಾಕಿಕೊಳ್ಳೋಣ ಎಂದಳು. ಅದು ಟ್ರ್ಯಾಕ್ಟರ್ ಬ್ಯಾಟರಿಯಲ್ಲೂ ಓಡುವ ಟಿವಿ. ಅಪ್ಪ ಹಗ್ಗ ಬಿಗಿಯುತ್ತಿದ್ದವನು ತಿರುಗಿ ನಿಂತ.

‘ಹೊಳೆ ದಂಡೇಲಿ ಕೂತು ಟಿವಿ ನೋಡೋದಾ? ಅಷ್ಟಕ್ಕೆ ಡೀಸೆಲ್ ಸುಟ್ಕೊಂಡು ಯಾಕೋಗ್ಬೇಕು, ಇಲ್ಲೇ ಬಿದ್ಕೊಂಡಿರಾಣ.’

‘ನೀವು ನೋಡ್ಬ್ಯಾಡಿ ಬುಡಿ. ಹೊಳೆ ಕಡೆ ಮುಖ ಮಾಡ್ಕೊಂಡು ಕೂತ್ಕಳಿ.’

‘ದಿನಾ ಮನೇಲಿ ಬಡ್ಕೊಳ್ಳೋದು ಸಾಲ್ದಾ ನಿಂಗೆ?’

‘ಮನೇಲಿ ನಾನ್ಯಾವತ್ತು ನೋಡಿವ್ನಿ? ವರ್ಷದಿಂದ ಕೇಳ್ತಾ ಇವ್ನಿ, ಅಷ್ಟೆ. ಪದ್ಮ ಎಂಗವ್ಳೆ, ಆ ಲಾಯರಪ್ಪ ಎಂಗವ್ನೆ ಅಂತ ಒಂದ್ಸಲ ಅವ್ರ ಮುಖ ನೋಡ್ಬೇಕು ಕಣ್ರೀ.’

ಅವ್ವ ತನಗೆಂದು ಏನನ್ನೂ ಕೇಳುವವಳಲ್ಲ. ಈ ಸಲ ಕೇಳಿದ್ದು ಸೀರೆಯೂ ಅಲ್ಲ, ಓಲೆಯೂ ಅಲ್ಲ, ನಮ್ಮ ಮನೆಯಲ್ಲೇ ಇದ್ದ ವಸ್ತುವನ್ನು. ಪಡಸಾಲೆಯಲ್ಲಿ ಕೂತಿದ್ದ ತಾತನಿಗೆ ಎಲ್ಲ ಕೇಳಿಸಿತ್ತು. ಅವನು ಎದ್ದು, ಟಿವಿಯನ್ನು ಗೂಡಿನಿಂದ ಇಳಿಸಿ, ತನ್ನ ಕಂಬಳಿಯಲ್ಲೇ ಸುತ್ತಿ ಹೊರಗೆ ತಂದ. ‘ಬ್ಯಾಟ್ರಿ ವೈರು ಎಲ್ಲೈತೆ ಹುಡುಕ್ಲಾ’ ಎಂದು ಅಪ್ಪನಿಗೆ ಹೇಳಿ ಟ್ರೇಲರ್ ಹತ್ತಿ ಕೂತ. ದಾರಿಯುದ್ದಕ್ಕೂ ಟಿವಿ ಅವನ ತೊಡೆಯ ಮೇಲೆ, ಮೊಮ್ಮಗುವಿನ ಹಾಗೆ ಇತ್ತು.

ಧಾರಾವಾಹಿಯ ಸಂಜೆ ಬಂತು. ಪದ್ಮ ಜಗಳವಾಡಿಕೊಂಡು ತವರಿಗೆ ಹೋಗಿದ್ದಳು, ಮಾವ ಕರೆಯಲು ಬರುವ ವಾರ ಅದು. ಟ್ರೇಲರಿನ ಹಿಂಬದಿ ಹಲಗೆ ಇಳಿಸಿ ಅದರ ಮೇಲೆ ಟಿವಿ ಇಟ್ಟೆವು. ಬೇಡವೆಂದಿದ್ದ ಅಪ್ಪನೇ ಆಂಟೆನಾ ಹಿಡಿದು ಮತ್ತಿಮರ ಹತ್ತಿದ್ದ. ‘ಬಂತಾ?’ ‘ಇಲ್ಲ!’ ‘ಈಗ?’ ‘ಬರೀ ಸೊಳ್ಳೆ ಬತ್ತಾವೆ ಕಣಪ್ಪ!’ ‘ಈಗ ನೋಡ್ರಲಾ!’ ಕೊನೆಗೆ ಚಿತ್ರ ಅಲುಗದೆ ನಿಂತಿತು, ಅಪ್ಪ ಆಂಟೆನಾ ಕೊಂಬೆಗೆ ಕಟ್ಟಿ ಇಳಿದ. ನಾವು ಮರಳಿನ ಮೇಲೆ ಹಾಸಿದ್ದ ಜಮಖಾನದಲ್ಲಿ ಕೂತೆವು. ಅವ್ವ ಮಾತ್ರ ಸೌಟು ಹಿಡಿದುಕೊಂಡು ಟ್ರೇಲರಿನ ಚಕ್ರದ ಮರೆಯಲ್ಲಿ, ಟಿವಿ ಕಾಣದ ಕಡೆ ನಿಂತಿದ್ದಳು. ಅಷ್ಟು ಆಸೆಪಟ್ಟು ತರಿಸಿದವಳು, ಹೊತ್ತು ಬಂದಾಗ ಕಾಲು ಮುಂದಿಡಲಾರದೆ ನಿಂತುಬಿಟ್ಟಿದ್ದಳು.

‘ಅಲ್ಯಾಕವ್ವ ನಿಂತೆ?’ ಎಂದ ತಾತ.

‘ಒಲೆ ಮೇಲೆ ಸಾರೈತೆ ಮಾವ.’

‘ಸಾರು ಎಲ್ಲಿಗೂ ಓಡೋಗಾಕಿಲ್ಲ. ಇಲ್ಲಿ ಪಡಸಾಲೆ ಎಲ್ಲೈತೆ, ಅಡುಗೆಮನೆ ಎಲ್ಲೈತೆ? ಬಂದು ಕೂತ್ಕೋ ಬಾರವ್ವ.’

ಅವ್ವ ಬಂದಳು. ಜಮಖಾನದ ಅಂಚಿನಲ್ಲಿ, ಅರ್ಧ ಮರಳಿನ ಮೇಲೆಯೇ ಕೂತಳು. ಸೆರಗನ್ನು ತಲೆಗೆ ಎಳೆದುಕೊಂಡು ಟಿವಿ ನೋಡಿದಳು. ಆಗ ಅವಳ ಮುಖ ನೋಡಬೇಕಿತ್ತು ನೀವು. ದೂರದ ನೆಂಟರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿಯುತ್ತಿರುವ ಹಾಗೆ ಕಣ್ಣು ಅರಳಿತ್ತು. ಲಾಯರು ಬಂದು ಗಂಟಲು ಸರಿಮಾಡಿಕೊಂಡ ತಕ್ಷಣ ಅವಳಿಗೆ ತಾತ ಇರುವುದೂ ಮರೆತುಹೋಯಿತು. ‘ಇವ್ನೇನಾ ಲಾಯರಪ್ಪ? ಈ ಕಡ್ಡಿನಾ? ಆ ಗಂಟಲಿಗೆ ಬಾಗ್ಲು ತುಂಬೋ ಆಳು ಅಂದ್ಕೊಂಡಿದ್ನಲ್ಲ!’ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನನ್ನ ಕಡೆ ತಿರುಗಿ, ‘ಸೀರೆಗೆ ಬಣ್ಣಾನೇ ಇಲ್ಲ, ನೇರಳೆ ಅಂದಿದ್ಯಲ್ಲೇ ಕಳ್ಳಿ’ ಎಂದು ತಲೆಗೆ ಮೊಟಕಿದಳು. ಅವಳ ಬೆರಳಲ್ಲಿ ಅಂಟು ಹೋಗಿತ್ತು, ಹೊಳೆ ಮರಳಿನ ವಾಸನೆ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಚಿತ್ರ ಕುಗ್ಗತೊಡಗಿತು. ಹಿಂದಿನ ಸಂಜೆಯಿಂದಲೂ ಅದೇ ಬ್ಯಾಟರಿಯಲ್ಲಿ ಬಲ್ಬು ಉರಿಸಿದ್ದೆವು. ಅದು ಯಾರಿಗೂ ಹೊಳೆದಿರಲಿಲ್ಲ. ನಾಲ್ಕು ಕಡೆಯಿಂದಲೂ ಕಪ್ಪು ಒತ್ತಿ ಬಂತು. ಪದ್ಮ ಅಂಗೈಯಷ್ಟಾದಳು, ಬೆಂಕಿಪೆಟ್ಟಿಗೆಯಷ್ಟಾದಳು, ಇಲ್ಲವಾದಳು. ಅಪ್ಪ ಎದ್ದು ಟಿವಿಯ ನೆತ್ತಿಗೆ ಎರಡು ಬಿಟ್ಟ. ಚಿತ್ರ ಬರಲಿಲ್ಲ, ಧ್ವನಿ ಮಾತ್ರ ಸಣ್ಣಗೆ ಉಳಿದಿತ್ತು. ಅವ್ವನಿಗೆ ಸಿಕ್ಕಿದ್ದೇ ಕಾಲು ಗಂಟೆ, ಅದೂ ಹೋಯಿತಲ್ಲ ಎಂದು ನನಗೆ ಅಳು ಬಂತು. ಅವ್ವ ಅಳಲಿಲ್ಲ.

‘ಸುಮ್ಕಿರಿ ಎಲ್ರೂ. ಕೇಳ್ತಾ ಐತಲ್ಲ’ ಎಂದಳು.

ಈಗ ನಾವೆಲ್ಲರೂ ಅಡುಗೆಮನೆಯಲ್ಲಿ ಕೂತಂತಾಗಿತ್ತು. ಕತ್ತಲಾದ ಗಾಜನ್ನು ನೋಡಿಕೊಂಡು ತಾತ ಕೇಳಿದ, ‘ಈಗ ಬಂದೋರು ಯಾರವ್ವ?’

‘ಪದ್ಮನ ಅಮ್ಮ ಬಂದ್ಲು ಮಾವ. ಅವ್ಳು ಬರೋದ್ಕೆ ಮುಂಚೆ ಪಾತ್ರೆ ಸದ್ದಾಯ್ತದೆ. ಪದ್ಮ ಅಳ್ತಾ ಇಲ್ಲ. ಬೆನ್ನು ತಿರುಗ್ಸಿ ನಿಂತವ್ಳೆ.’

‘ಬೆನ್ನು ತಿರುಗ್ಸವ್ಳೆ ಅಂತ ನಿಂಗೆಂಗೊತ್ತು?’ ಎಂದ ಅಪ್ಪ.

‘ಮಾತು ಗೋಡೆಗೆ ಬಡ್ದು ಬತ್ತಾ ಐತೆ, ಕೇಳಾಕಿಲ್ವಾ?’

ಅವ್ವ ಹೇಳುತ್ತಾ ಹೋದಳು. ಲಾಯರು ಕುರ್ಚಿ ಎಳೆದುಕೊಂಡ. ನೀರು ಕೇಳಿದ. ಪದ್ಮ ತಂದುಕೊಟ್ಟಳು, ಆದರೆ ಕೈಗೆ ಕೊಡದೆ ನೆಲದ ಮೇಲಿಟ್ಟಳು. ‘ಆಮೇಲೆ?’ ಎಂದ ತಾತ. ಆಮೇಲೆ ಮಾವ, ಹೊರಡು ಮನೆಗೆ ಎಂದ. ಬರುತ್ತೇನೆ, ಆದರೆ ಅಮ್ಮನಿಗೆ ಅಡುಗೆ ಮಾಡಿಟ್ಟು, ಊಟಕ್ಕೆ ಬಡಿಸಿ, ನಾನೂ ಉಂಡು ಬರುತ್ತೇನೆ, ಅಲ್ಲಿವರೆಗೂ ಕೂತಿರಿ ಎಂದಳು ಪದ್ಮ.

‘ಕಾಯ್ಸುದ್ಲಾ ಮಾವನ್ನ?’

‘ಕಾಯ್ಸುದ್ಲು ಮಾವ.’ ಅವ್ವನ ಧ್ವನಿಯಲ್ಲಿ ನಗುವಿತ್ತು. ‘ಕಾಯ್ಲಿ ಬುಡಿ. ಅವ್ಳು ಎಷ್ಟು ವರ್ಷ ಕಾದವ್ಳೆ.’

ತಾತ ಹ್ಞೂಂ ಎಂದ. ಮಾವ ಕಾದ, ಪದ್ಮ ನಿಧಾನವಾಗಿ ಉಂಡಳು, ಕೈ ತೊಳೆದಳು, ತಲೆ ಬಾಚಿಕೊಂಡಳು. ಆಮೇಲೆ ಇಬ್ಬರೂ ಹೊರಟರು, ಪದ್ಮ ಮುಂದೆ, ಲಾಯರು ಅವಳ ಪೆಟ್ಟಿಗೆ ಹಿಡಿದುಕೊಂಡು ಹಿಂದೆ. ಅವ್ವ ಅಷ್ಟು ಹೇಳಿ ಸಾರು ನೋಡಲು ಎದ್ದಳು. ಅಪ್ಪ ಟಿವಿ ಆರಿಸಲು ಹೋಗಿ ಕಿವಿ ಹತ್ತಿರ ಇಟ್ಟ. ಅದರ ಧ್ವನಿ ಯಾವಾಗಲೋ ನಿಂತುಹೋಗಿತ್ತು. ಎಲ್ಲಿಯವರೆಗೆ ಟಿವಿ ಆಡಿತು, ಎಲ್ಲಿಂದ ಅವ್ವ ಆಡಿದಳು ಎಂಬುದು ನಮಗೆ ಯಾರಿಗೂ ತಿಳಿಯಲಿಲ್ಲ. ಹೊಳೆ ಮಾತ್ರ ಸದ್ದು ಮಾಡುತ್ತಿತ್ತು.

ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ. ‘ಪದ್ಮನ್ನ ಕಳ್ಸಿಕೊಡೋದ್ರಲ್ಲಿ ನಮ್ಮ ಗಾಡಿ ನಿಂತೋಯ್ತು’ ಎಂದು ಗೊಣಗುತ್ತಾ ಅಪ್ಪ ಟ್ರೇಲರ್ ಬಿಚ್ಚಿದ. ಪಕ್ಕದ ಗದ್ದೆಯವರು ಬಂದು ಇಳಿಜಾರಿಗೆ ತಳ್ಳಿಕೊಟ್ಟರು.

ಊರಿಗೆ ಬಂದ ದಿನವೇ ಪಕ್ಕದ ಮನೆ ಗೌರಕ್ಕ ಓಡಿಬಂದಳು. ಪಾಪ, ಅವ್ವನಿಗೆ ಆ ವಾರದ ಕತೆ ತಪ್ಪಿಹೋಗಿರುತ್ತದೆ, ಹೇಳೋಣ ಎಂದು. ‘ಅಯ್ಯೋ ಏನಾಯ್ತು ಗೊತ್ತಾ ಪದ್ಮಂಗೆ’ ಎಂದು ಅವಳು ಶುರುಮಾಡುವಷ್ಟರಲ್ಲಿ ಪಡಸಾಲೆಯ ಬೆಂಚಿನಿಂದ ತಾತ ಹೇಳಿದ:

‘ನಾವು ನೋಡಾಯ್ತು ಬುಡವ್ವ.’

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಂದಿನ ವಾರದಿಂದ ನಡುಮನೆಯ ಹೊಸಲಿನ ಮೇಲೆ ಕೂತು ಟಿವಿ ನೋಡುತ್ತಿದ್ದಳು. ಪಡಸಾಲೆಗೆ ಪೂರ್ತಿ ಬಂದು ಕೂರಲಿಲ್ಲ. ತಾತನೂ ಕರೆಯಲಿಲ್ಲ, ಬೆಂಚನ್ನು ಮಾತ್ರ ಅವಳಿಗೆ ಅಡ್ಡವಾಗದಂತೆ ಗೋಡೆಗೆ ಸರಿಸಿಕೊಂಡಿದ್ದ. ಮುಂದೆ ಹೊಗೆಸೊಪ್ಪು ಬಿಟ್ಟೆವು, ಬ್ಯಾರನ್ ಕೆಡವಿದೆವು. ಮನೆ ಪಾಲಾಗಿ, ಆ ಪಡಸಾಲೆ ಇದ್ದ ಜಾಗದಲ್ಲಿ ಈಗ ತಮ್ಮನ ಕಾರು ನಿಲ್ಲುತ್ತದೆ. ತಾತ ಹೋದ, ಅಪ್ಪ ಹೋದ, ಹೋದ ವರ್ಷ ಅವ್ವನೂ ಹೋದಳು. ಧಾರಾವಾಹಿಯಲ್ಲಿ ಆ ಸಂಜೆ ನಿಜವಾಗಿ ಏನಾಯಿತೆಂದು ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ನನಗೆ ಗೊತ್ತು. ಪದ್ಮ ನಿಧಾನವಾಗಿ ಉಂಡು, ತಲೆ ಬಾಚಿಕೊಂಡು, ಮುಂದೆ ಮುಂದೆ ನಡೆದಳು. ತಮ್ಮ ಅಂದು ಆ ಹೊತ್ತಿಗಾಗಲೇ ಜಮಖಾನದ ಮೇಲೆ ನಿದ್ದೆ ಹೋಗಿದ್ದ. ಪದ್ಮ ಹಾಗೆ ನಡೆದದ್ದನ್ನು ನೋಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.